ಪಾಪನ್‌ಹೈಮ್ ಹಿಂದೆ ಏಳು ದಿನ

ಎಲ್ಲಾ ಶುರುವಾಗಿದ್ದು ಆಫೀಸಿನ ಒಂದು ಮಾತಿನಿಂದ. ಶುಕ್ರವಾರ ಮಧ್ಯಾಹ್ನ ಮೂರಕ್ಕೇ ನಮ್ಮ ಟೀಮಿನ ಹುಡುಗರು ಲ್ಯಾಪ್‌ಟಾಪ್ ಮುಚ್ಚಿ ಜಾಗ ಖಾಲಿ ಮಾಡಿದ್ದರು. ಪಕ್ಕದ ಟೇಬಲ್ಲಿನ ಹಿರಿಯರೊಬ್ಬರು ಖಾಲಿ ಕುರ್ಚಿಗಳನ್ನು ನೋಡಿ ನಕ್ಕು, "ಇಷ್ ಕೆನ್ನೆ ಮೈನೆ ಪಾಪನ್‌ಹೈಮರ್" ಅಂದರು. ನನ್ನ ಪಾಪನ್‌ಹೈಮ್‌ನವರು ಎಂಥವರು ಅಂತ ನನಗೆ ಗೊತ್ತು ಅಂತ. ನಾವು 'ಇವರ ಬಂಡವಾಳ ನನಗೆ ಗೊತ್ತಿಲ್ವಾ' ಅಂತೀವಲ್ಲ, ಅದೇ ಧಾಟಿ.

ಯಾರಪ್ಪಾ ಈ ಪಾಪನ್‌ಹೈಮ್‌ನವರು ಅಂತ ಹುಡುಕಿದರೆ ಸಿಕ್ಕಿದ್ದು ಗೊಟ್‌ಫ್ರೀಡ್ ಹೈನ್ರಿಶ್ ತ್ಸು ಪಾಪನ್‌ಹೈಮ್. 1618ರಿಂದ 1648ರವರೆಗೆ ಜರ್ಮನ್ ಸೀಮೆಯಲ್ಲಿ ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಕುದುರೆ ಪಡೆಯ ಜನರಲ್. ಮೈತುಂಬ ಗಾಯದ ಗುರುತು. ಹುಟ್ಟಿದ್ದು ನಾನಿರುವ ನ್ಯೂರೆನ್‌ಬರ್ಗ್‌ನಿಂದ ರೈಲಿನಲ್ಲಿ ಒಂದು ಗಂಟೆ ದೂರದಲ್ಲಿ.

ಮೇ ತಿಂಗಳಲ್ಲಿ ಅಪ್ಪ ತಿಪಟೂರಿನಿಂದ ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ರಿಟೈರ್ ಆದವರು. ಪ್ಯಾರಿಸ್, ಸ್ವಿಸ್ ಅಂತ ಏನೇನೋ ಆಸೆ ತೋರಿಸಿದೆ. "ಅದೆಲ್ಲ ಎಲ್ಲರೂ ನೋಡ್ತಾರೆ ಕಣಮ್ಮ. ನೀನು ಅವತ್ತು ಫೋನಲ್ಲಿ ಹೇಳ್ತಿದ್ದೆಯಲ್ಲ, ಆ ಕುದುರೆ ಜನರಲ್ಲು, ಅವನ ಊರಿಗೆ ಹೋಗೋಣ" ಅಂದರು. ಒಂದು ವಾರ ರಜೆ ಹಾಕಿದೆ.

ಮೊದಲನೇ ದಿನ: ಟ್ರಾಯ್ಷ್ಟ್‌ಲಿಂಗನ್

ಟ್ರಾಯ್ಷ್ಟ್‌ಲಿಂಗನ್ ಅಂದರೆ ಬವೇರಿಯಾದವರಿಗೆ ರೈಲು ಬದಲಿಸುವ ಜಂಕ್ಷನ್. ನಮ್ಮ ಅರಸೀಕೆರೆ ಇದ್ದ ಹಾಗೆ. ಇಳಿದು ಊರೊಳಗೆ ಹೋಗುವವರು ಕಡಿಮೆ.

ಊರ ಮಧ್ಯೆ ಅರಮನೆ ಇದೆ. ಅರಮನೆ ಅನ್ನೋದಕ್ಕಿಂತ ದೊಡ್ಡ ಮನೆ. ಹಳೇ ನೀರುಕೋಟೆಯ ಜಾಗದಲ್ಲಿ 1575ರ ಸುಮಾರಿಗೆ ಕಟ್ಟಿಸಿದ್ದು. ನಮ್ಮ ಜನರಲ್ ಹುಟ್ಟಿದ್ದು ಈ ಊರಲ್ಲಿ, 1594ರ ಜೂನ್ 8ರಂದು. ಅಪ್ಪ ಫೈಟ್, ಟ್ರಾಯ್ಷ್ಟ್‌ಲಿಂಗನ್‌ನ ಒಡೆಯ. ತಾಯಿ ಮರಿಯಾ ಸಲೋಮೆ, ಅವನ ಎರಡನೇ ಹೆಂಡತಿ. ಮನೆಯವರು ಲೂಥರ್ ಮತದವರು, ಅಂದರೆ ಪ್ರಾಟೆಸ್ಟಂಟರು. ಹುಡುಗ ಸಣ್ಣವನಿದ್ದಾಗಲೇ ಅಪ್ಪ ತೀರಿಕೊಂಡ. ತಾಯಿ ಆಡಮ್ ಫಾನ್ ಹೆರ್ಬರ್‌ಸ್ಟಾರ್ಫ್ ಎಂಬವನನ್ನು ಮದುವೆಯಾದಳು. ಈ ಮಲತಂದೆಯ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾನೆ.

ಹುಡುಗ ಓದಿದ್ದು ನ್ಯೂರೆನ್‌ಬರ್ಗ್ ಪಕ್ಕದ ಆಲ್ಟ್‌ಡಾರ್ಫ್ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಟ್ಯೂಬಿಂಗನ್‌ನಲ್ಲಿ. ಮುಂದೆ ಅವನ ದಂಡನಾಯಕನಾದ ವಾಲೆನ್‌ಸ್ಟೈನ್ ಕೂಡ ಕೆಲವು ವರ್ಷ ಮೊದಲು ಇದೇ ಆಲ್ಟ್‌ಡಾರ್ಫ್‌ನಲ್ಲಿ ಓದಿದವನು. ಓದಿದ ಅನ್ನೋದಕ್ಕಿಂತ ಹೊಡೆದಾಡಿ ಹೊರಗೆ ಹಾಕಿಸಿಕೊಂಡ. ನಮ್ಮ ಹುಡುಗ ಓದು ಮುಗಿಸಿ ಇಪ್ಪತ್ತರ ಆಸುಪಾಸಿನಲ್ಲಿ ಕ್ಯಾಥೊಲಿಕ್ ಆದ. ಆ ಕಾಲದಲ್ಲಿ ಮತ ಬದಲಿಸೋದು ಅಂದರೆ ಯಾವ ರಾಜನ ಅನ್ನ ತಿನ್ನಬೇಕು ಅನ್ನೋದನ್ನೂ ಬದಲಿಸಿದ ಹಾಗೆ.

ಅವನ ಹಣೆಯ ಮೇಲೆ ಎರಡು ಕತ್ತಿ ಅಡ್ಡಡ್ಡ ಇಟ್ಟ ಹಾಗೆ ಹುಟ್ಟುಮಚ್ಚೆ ಇತ್ತಂತೆ, ಸಿಟ್ಟು ಬಂದಾಗ ಕೆಂಪಗಾಗುತ್ತಿತ್ತಂತೆ. ಇದು ಬರೀ ಕಥೆ ಇರಬೇಕು. ಅಪ್ಪನಿಗೆ ಹೇಳಿದರೆ, "ಎಂಟನೇ ಕ್ಲಾಸಿನ ಬಿ ಸೆಕ್ಷನ್‌ಗೆ ಹೋದಾಗೆಲ್ಲ ನನಗೂ ಇರ್ತಿತ್ತು" ಅಂದರು.

ಊಟಕ್ಕೆ ಕೂತೆವು. ಮೇ ತಿಂಗಳು, ಎಲ್ಲೆಲ್ಲೂ ಬಿಳಿ ಶತಾವರಿ. ಬೇಯಿಸಿ, ಬೆಣ್ಣೆ ಸುರಿದು, ಆಲೂಗಡ್ಡೆ ಜೊತೆ ಕೊಡುತ್ತಾರೆ. ಅಪ್ಪ ಒಂದು ಕಡ್ಡಿ ಕಚ್ಚಿ, "ನಾರಿಲ್ಲದ ನುಗ್ಗೆಕಾಯಿ" ಅಂತ ತೀರ್ಪು ಕೊಟ್ಟು ಬ್ಯಾಗಿನಿಂದ ಚಟ್ನಿಪುಡಿ ತೆಗೆದರು.

ಎರಡನೇ ದಿನ: ಪಾಪನ್‌ಹೈಮ್

ಮುಂದಿನ ಸ್ಟೇಷನ್ನೇ ಪಾಪನ್‌ಹೈಮ್. ಆಲ್ಟ್‌ಮ್ಯೂಲ್ ನದಿ ಇಲ್ಲಿ ಬೆಟ್ಟವೊಂದನ್ನು ಬಳಸಿಕೊಂಡು ಹರಿಯುತ್ತದೆ. ಬೆಟ್ಟದ ಮೇಲೆ ಕೋಟೆ, ಕೆಳಗೆ ಊರು. ನದಿ ಎಷ್ಟು ನಿಧಾನ ಅಂದರೆ ಯಾವ ಕಡೆ ಹರಿಯುತ್ತಿದೆ ಅಂತ ತಿಳಿಯಲು ಅಪ್ಪ ಒಂದು ಎಲೆ ಹಾಕಿ ನೋಡಿದರು.

ನನಗೆ ಜನರಲ್‌ಗಿಂತ ಈ ಮನೆತನವೇ ಜಾಸ್ತಿ ಹಿಡಿಸಿತು. ಇವರು ಪವಿತ್ರ ರೋಮನ್ ಸಾಮ್ರಾಜ್ಯದ, ಅಂದರೆ ಒಬ್ಬ ಚಕ್ರವರ್ತಿಯ ಕೆಳಗಿದ್ದ ಆಗಿನ ಜರ್ಮನ್ ಸೀಮೆಗಳ ಕೂಟದ, ವಂಶಪಾರಂಪರ್ಯ ಮಾರ್ಶಲ್‌ಗಳು. ಮಾರ್ಶಲ್ ಅಂದರೆ ಈಗ ದೊಡ್ಡ ಪದವಿ. ಹಳೇ ಜರ್ಮನ್‌ನಲ್ಲಿ ಅದರ ಮೂಲ ಅರ್ಥ ಕುದುರೆ ಆಳು. ಲಾಯ ನೋಡಿಕೊಳ್ಳುವವನು ಮೆಲ್ಲಗೆ ಚಕ್ರವರ್ತಿಯ ಆಸ್ಥಾನಕ್ಕೆ ಏರಿದ ಕಥೆ ಆ ಪದದಲ್ಲೇ ಇದೆ. 1208ರಲ್ಲಿ ರಾಜ ಫಿಲಿಪ್‌ನನ್ನು ಕೊಂದ ಓಟೋ ಫಾನ್ ವಿಟಲ್ಸ್‌ಬಾಕ್‌ನನ್ನು ಮರುವರ್ಷ ಹುಡುಕಿ ಕೊಂದವನು ಇದೇ ಮನೆತನದ ಹೈನ್ರಿಶ್ ಫಾನ್ ಕಾಲ್ಡನ್.

ಲೆಕ್ಕದಲ್ಲಿ ಸಾಮ್ರಾಜ್ಯದ ಮಹಾ ಮಾರ್ಶಲ್ ಅಂದರೆ ಸ್ಯಾಕ್ಸನಿಯ ದೊರೆ. ಅವನ ಲಾಂಛನದಲ್ಲಿ ಅಡ್ಡಕತ್ತಿ ಇರೋದು ಅದಕ್ಕೇ. ಮೈಸನ್ ಪಿಂಗಾಣಿ ಬಟ್ಟಲನ್ನು ತಿರುಗಿಸಿ ನೋಡಿದರೆ ತಳದಲ್ಲಿ ನೀಲಿ ಅಡ್ಡಕತ್ತಿ ಕಾಣುತ್ತದಲ್ಲ, ಅದೂ ಅಲ್ಲಿಂದಲೇ ಬಂದದ್ದು. ಆದರೆ ದೊರೆಗೆ ಪುರುಸೊತ್ತೆಲ್ಲಿ? ಕೆಲಸ ಮಾಡುತ್ತಿದ್ದವರು ಪಾಪನ್‌ಹೈಮ್‌ನವರು. 1356ರ ಗೋಲ್ಡನ್ ಬುಲ್ ಎಂಬ ರಾಜಶಾಸನದಲ್ಲಿ ಇದೆಲ್ಲ ಬರೆದಿದೆ. ಚಕ್ರವರ್ತಿಯ ದರ್ಬಾರಿನ ದಿನ ಕುದುರೆಯ ಎದೆಯೆತ್ತರಕ್ಕೆ ಓಟ್ಸ್ ರಾಶಿ ಹಾಕಬೇಕು. ಸ್ಯಾಕ್ಸನಿಯ ದೊರೆ ಕುದುರೆ ಮೇಲೆ ಕೂತು ರಾಶಿಯ ಹತ್ತಿರ ಬಂದು ಬೆಳ್ಳಿಯ ಅಳತೆಯಲ್ಲಿ ಒಂದು ಸಲ ತುಂಬಿ ಕೊಡಬೇಕು. ಅಷ್ಟೇ ಅವನ ಕೆಲಸ. ಉಳಿದ ರಾಶಿಯನ್ನೆಲ್ಲ ಹಂಚುವುದು ಪಾಪನ್‌ಹೈಮ್.

"ಮಂತ್ರಿ ಗುದ್ದಲಿ ಪೂಜೆ ಮಾಡ್ತಾನೆ, ರಸ್ತೆ ಮಾಡೋನು ಬೇರೆ" ಅಂದರು ಅಪ್ಪ.

ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಸಾಮ್ರಾಜ್ಯದ ಸಭೆ ಸೇರಿದಾಗ ಬಂದ ರಾಜರು, ಬಿಷಪ್‌ಗಳು, ನಗರಗಳ ಪ್ರತಿನಿಧಿಗಳು, ಅವರ ಆಳುಗಳು, ಕುದುರೆಗಳು, ಇಷ್ಟಕ್ಕೂ ಬಿಡಾರ ಹಂಚುವುದು. ಯಾವ ಮನೆ ಯಾರಿಗೆ, ಯಾವ ಲಾಯ ಯಾರಿಗೆ. ಬೆಳಗಾವಿ ಅಧಿವೇಶನಕ್ಕೆ ಶಾಸಕರಿಗೆ ರೂಮ್ ಹಂಚುವವರ ಪಾಡು ನೆನೆಸಿಕೊಳ್ಳಿ. ಅದನ್ನು ಇವರು ತಲೆಮಾರುಗಟ್ಟಲೆ ಮಾಡಿದರು, 1806ರಲ್ಲಿ ಸಾಮ್ರಾಜ್ಯವೇ ಮುಗಿಯುವವರೆಗೆ. ಆಮೇಲೆ ಇವರ ಪುಟ್ಟ ಸೀಮೆ ಬವೇರಿಯಾಕ್ಕೆ ಸೇರಿತು. ಊರೊಳಗೆ ಲಿಯೋ ಫಾನ್ ಕ್ಲೆಂಟ್ಸೆ ವಿನ್ಯಾಸದ ಹೊಸ ಅರಮನೆ ಕಟ್ಟಿಸಿಕೊಂಡರು.

ಕೋಟೆಯ ಗೋಪುರ ಹತ್ತಿದೆವು. ಅಪ್ಪನಿಗೆ ಮಂಡಿನೋವು, ಆದರೂ ಬಿಡಲಿಲ್ಲ. ಮೇಲಿಂದ ನೋಡಿದರೆ ಕೆಂಪು ಹೆಂಚು, ನದಿಯ ಕೊಂಡಿ, ಆಚೆ ಸುಣ್ಣದ ಕಲ್ಲಿನ ಬಿಳಿ ಗುಡ್ಡ.

ಮಧ್ಯಾಹ್ನ ಆ ಕಲ್ಲಿನ ಬೆನ್ನು ಹತ್ತಿ ಪಕ್ಕದ ಝೋಲ್ನ್‌ಹೋಫನ್‌ಗೆ ಹೋದೆವು. ಇದಕ್ಕೂ ಜನರಲ್‌ಗೂ ಸಂಬಂಧವಿಲ್ಲ. ಅಪ್ಪ ವಿಜ್ಞಾನದ ಮೇಷ್ಟ್ರು, ಆರ್ಕಿಯೋಪ್ಟೆರಿಕ್ಸ್ ಎಂಬ ಆದಿಹಕ್ಕಿಯ ಪಳೆಯುಳಿಕೆ ಸಿಕ್ಕ ಜಾಗದ ಪಕ್ಕ ಬಂದು ಸುಮ್ನೆ ಹೋಗಲು ಸಾಧ್ಯವೇ? ಸುತ್ತಿಗೆ, ಉಳಿ ಬಾಡಿಗೆಗೆ ತಗೊಂಡು ಎರಡು ಗಂಟೆ ಕಲ್ಲು ಬಿಡಿಸಿದರು. ಹಪ್ಪಳದ ಹಾಗೆ ಪದರ ಪದರವಾಗಿ ಬಿಚ್ಚಿಕೊಳ್ಳುವ ಕಲ್ಲು. ಒಂದರಲ್ಲಿ ಜರೀಗಿಡದಂಥ ಕಪ್ಪು ಗುರುತು ಕಂಡು ನಾನು ಕುಣಿದೆ. "ಅದು ಗಿಡ ಅಲ್ಲಮ್ಮ, ಮ್ಯಾಂಗನೀಸು. ನೀರಿನ ಜೊತೆ ಸಂದಿಯಲ್ಲಿ ಇಳಿದು ಹರಡಿದ್ದು" ಅಂತ ನನ್ನ ಉತ್ಸಾಹಕ್ಕೆ ನೀರೆರಚಿದರು. ಕಲ್ಲಿನ ಮೇಲೆ ಬರೆದು ಅಚ್ಚು ಹಾಕುವ ಕಲ್ಲಚ್ಚು ಬೆಳೆದದ್ದು ಈ ಸೀಮೆಯ ನುಣುಪು ಕಲ್ಲಿನ ಮೇಲೆ. 1843ರಲ್ಲಿ ಜರ್ಮನಿಯಿಂದ ಬಂದ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ತೆಗೆದಾಗ ಅದೂ ಕಲ್ಲಚ್ಚಿನಲ್ಲೇ ಅಚ್ಚಾಯಿತು ಅಂತ ನೆನಪಿಸಿದೆ. ಅಪ್ಪ ಆ ಗುರುತಿನ ಕಲ್ಲನ್ನು ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡರು.

ಮೂರನೇ ದಿನ: ರೈಲಿನಲ್ಲಿ

ಇಡೀ ದಿನ ಪ್ರಯಾಣ. ಮೇಲಿನ ಆಸ್ಟ್ರಿಯಾಕ್ಕೂ ಹೋಗಬೇಕು ಅಂತಿತ್ತು, ರಜೆ ಸಾಲಲಿಲ್ಲ. ಅಲ್ಲಿನ ಕಥೆಯನ್ನು ರೈಲಿನಲ್ಲೇ ಅಪ್ಪನಿಗೆ ಹೇಳಿದೆ.

ಮಲತಂದೆ ಹೆರ್ಬರ್‌ಸ್ಟಾರ್ಫ್ ಅಲ್ಲಿ ಬವೇರಿಯಾ ಪರವಾಗಿ ಆಳುತ್ತಿದ್ದ. ಹಳ್ಳಿಗಳಿಗೆ ಕ್ಯಾಥೊಲಿಕ್ ಪಾದ್ರಿಗಳನ್ನು ಹೇರಿದಾಗ ಜನ ತಿರುಗಿಬಿದ್ದರು. 1625ರ ಮೇ ತಿಂಗಳಲ್ಲಿ ಫ್ರಾಂಕನ್‌ಬರ್ಗ್ ಹತ್ತಿರ 36 ಮುಖಂಡರನ್ನು ನಿಲ್ಲಿಸಿ, ಇಬ್ಬಿಬ್ಬರಂತೆ ದಾಳ ಹಾಕಿಸಿದ. ಸೋತವರಿಗೆ ನೇಣು. ಮರುವರ್ಷ ಇಡೀ ಸೀಮೆ ಎದ್ದಿತು. ಆಗ ನವೆಂಬರ್‌ನಲ್ಲಿ ಬಂದವನು ಮಲಮಗ. ಕೆಲವೇ ವಾರಗಳಲ್ಲಿ ದಂಗೆ ಮುಗಿಸಿದ. ರೈತರು ದೇವರ ಹಾಡು ಹಾಡುತ್ತಾ ನುಗ್ಗಿ ಬಂದರು, ಹುಚ್ಚರ ಹಾಗೆ ಕಾದಾಡಿದರು ಅಂತ ಅವನೇ ವರದಿ ಬರೆದಿದ್ದಾನೆ. ಅವರ ಧೈರ್ಯ ಕಂಡು ಬೆರಗಾಗಿದ್ದ. ಹಾಗಂತ ಕೈ ತಡೆಯಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿ, "ದಾಳ ಹಾಕಿಸಿದ್ನಾ?" ಅಂತ ಮತ್ತೊಮ್ಮೆ ಕೇಳಿದರು.

ರಾತ್ರಿ ಒಂಬತ್ತಕ್ಕೆ ಮ್ಯಾಗ್ಡೆಬರ್ಗ್. ಬುಕ್ ಮಾಡಿದ್ದ ಹೋಟೆಲಿನಲ್ಲಿ ನಮ್ಮ ಹೆಸರೇ ಇಲ್ಲ! ಮೊಬೈಲಿನಲ್ಲಿ ಕನ್ಫರ್ಮೇಶನ್ ತೋರಿಸಿದೆ. ಕೌಂಟರಿನ ಹುಡುಗ ಪಾಪ ಕ್ಷಮೆ ಕೇಳಿದ, ರೂಮ್ ಮಾತ್ರ ಇಲ್ಲ. ಅಪ್ಪ ಸೂಟ್‌ಕೇಸ್ ಮೇಲೆ ಕೂತು, "ನಿನ್ನ ಪಾಪನ್‌ಹೈಮ್‌ನೋರಿಗೆ ಹೇಳಮ್ಮ, ಬಿಡಾರ ಕೊಡಿಸಲಿ" ಅಂದರು. ಹನ್ನೊಂದರ ಹೊತ್ತಿಗೆ ಸ್ಟೇಷನ್ ಹತ್ತಿರ ಇನ್ನೊಂದು ಕಡೆ ಜಾಗ ಸಿಕ್ಕಿತು.

ನಾಲ್ಕನೇ ದಿನ: ಮ್ಯಾಗ್ಡೆಬರ್ಗ್

ಬೆಳಗ್ಗೆ ಎದ್ದಾಗ ಆ ಜೋಕು ನನಗೆ ಅಷ್ಟೊಂದು ನಗು ತರಲಿಲ್ಲ. ಈ ಊರಿನಲ್ಲಿ ಬಿಡಾರ ಇಲ್ಲದ ಹಾಗೆ ಮಾಡಿದವನೇ ಅವನು.

1631ರ ಮೇ 20. ಕ್ಯಾಥೊಲಿಕ್ ಕಡೆಯ ದಂಡನಾಯಕ ಟಿಲ್ಲಿಯ ಸೈನ್ಯ ತಿಂಗಳುಗಟ್ಟಲೆ ಊರನ್ನು ಮುತ್ತಿತ್ತು. ಪ್ರಾಟೆಸ್ಟಂಟರ ಗಟ್ಟಿ ನಗರ, ಸ್ವೀಡನ್ ರಾಜ ಗುಸ್ಟಾಫ್ ಅಡಾಲ್ಫ್ ಬಂದು ಬಿಡಿಸುತ್ತಾನೆ ಅಂತ ಕಾದಿತ್ತು. ಅವತ್ತು ಬೆಳಗ್ಗೆ ಪುರಭವನದಲ್ಲಿ ಸಭೆ ನಡೆಯುತ್ತಿತ್ತು, ಶರಣಾಗಬೇಕೋ ಬೇಡವೋ ಅಂತ. ಮಾತು ಮುಗಿಯುವ ಮೊದಲೇ ಉತ್ತರದ ಕಡೆಯಿಂದ ಪಾಪನ್‌ಹೈಮ್‌ನ ಜನ ಗೋಡೆ ಹತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಊರಿಗೆ ಬೆಂಕಿ. ಸುಮಾರು 20,000 ಜನ ಸತ್ತರು. ಮರುವರ್ಷದ ಜನಗಣತಿಯಲ್ಲಿ ಸಿಕ್ಕವರು 449. ಜರ್ಮನ್ ಭಾಷೆಯಲ್ಲಿ ಹಾಳುಗೆಡವುವುದಕ್ಕೆ 'ಮ್ಯಾಗ್ಡೆಬರ್ಗ್ ಮಾಡುವುದು' ಅಂತಲೇ ಒಂದು ಕ್ರಿಯಾಪದ ಹುಟ್ಟಿತು.

ಪಾಪನ್‌ಹೈಮ್ ಆಮೇಲೆ ಒಂದು ಪತ್ರ ಬರೆದ. ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜೀವ ಹೋಗಿರಬೇಕು, ಜೆರುಸಲೇಮ್ ನಾಶವಾದ ಮೇಲೆ ಇಂಥ ಘೋರ ಕೆಲಸ, ಇಂಥ ದೈವದ ಶಿಕ್ಷೆ ಇನ್ನೊಂದು ನಡೆದಿಲ್ಲ ಅಂತ. ಅದರ ಬೆನ್ನಿಗೇ, ನಮ್ಮ ಸಿಪಾಯಿಗಳೆಲ್ಲ ಸಾಹುಕಾರರಾದರು ಅಂತ. ಮೊದಲನೇ ಮಾತನ್ನು ಬರೆದ ಕೈ ಎರಡನೆಯದನ್ನು ಹೇಗೆ ಬರೆಯಿತೋ.

ಕ್ಯಾಥೆಡ್ರಲ್ ಒಳಗೆ ಹೋದೆವು. ಉಳಿದುಕೊಂಡ ಕೆಲವೇ ಕಟ್ಟಡಗಳಲ್ಲಿ ಇದೊಂದು. ಅವತ್ತು ಒಳಗೆ ಹೊಕ್ಕವರು ಎರಡು ಮೂರು ದಿನ ಅನ್ನ ನೀರಿಲ್ಲದೆ ಕೂತಿದ್ದರು. ಆಮೇಲೆ ಟಿಲ್ಲಿ ಅವರನ್ನು ಕೊಲ್ಲದೆ ಬಿಟ್ಟ. ಕಂಬಗಳ ನಡುವೆ ಕಲ್ಲಿನ ನೆಲ ತಣ್ಣಗೆ ಕೊರೆಯುತ್ತಿತ್ತು. ಅಪ್ಪ ಶಾಲು ಹೊದ್ದುಕೊಂಡು ಒಂದು ಬೆಂಚಿನಲ್ಲಿ ಸುಮ್ಮನೆ ಕೂತರು. ಹೊರಗೆ ಬರುವವರೆಗೆ ಮಾತಾಡಲಿಲ್ಲ.

ಅವರ ಮುಖ ಅರಳಿದ್ದು ಪುರಭವನದ ಹಿಂದೆ ಓಟೋ ಫಾನ್ ಗೆರಿಕೆಯ ಪ್ರತಿಮೆ ಕಂಡಾಗ. "ಅಯ್ಯೋ, ಇವನು ಮ್ಯಾಗ್ಡೆಬರ್ಗ್ ಗೋಳಾರ್ಧದವನು!" ಗಾಳಿಯ ಒತ್ತಡದ ಪಾಠ. ಎರಡು ತಾಮ್ರದ ಅರ್ಧಗೋಳ ಸೇರಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದ್ದು. ಈ ಊರಲ್ಲಿ ಅದು ನಡೆದದ್ದು 1657ರಲ್ಲಿ. ಮೂವತ್ತು ವರ್ಷ ಅದನ್ನು ಬೋರ್ಡಿನ ಮೇಲೆ ಬರೆದವರಿಗೆ, ಇದೇ ಗೆರಿಕೆ 1631ರ ಆ ಬೆಳಗ್ಗೆ ಪುರಭವನದ ಸಭೆಯಲ್ಲಿ ಕೂತಿದ್ದ ಅಂತ ಗೊತ್ತಿರಲಿಲ್ಲ. ಸೆರೆ ಸಿಕ್ಕ, ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಆಮೇಲೆ ಊರಿನ ಮೇಯರ್ ಆದ. 1654ರಲ್ಲಿ ರೇಗನ್ಸ್‌ಬರ್ಗ್‌ನ ಸಾಮ್ರಾಜ್ಯ ಸಭೆಗೆ ಊರಿನ ಪರವಾಗಿ ಹೋಗಿ, ಚಕ್ರವರ್ತಿಯ ಮುಂದೆ ನಿರ್ವಾತದ ಪ್ರಯೋಗ ತೋರಿಸಿದ.

"ಹಾಗಾದ್ರೆ ಅಲ್ಲಿ ಇವನಿಗೆ ರೂಮ್ ಕೊಟ್ಟೋರು?" ಅಂದರು ಅಪ್ಪ.

ನನಗದು ಹೊಳೆದೇ ಇರಲಿಲ್ಲ. ಸಭೆಯ ಬಿಡಾರ ಆಗಲೂ ಪಾಪನ್‌ಹೈಮ್ ಮನೆತನದ ಉಸ್ತುವಾರಿಯೇ.

ಐದನೇ ದಿನ: ಲ್ಯೂಟ್ಸನ್, ಲೈಪ್‌ಜಿಗ್

ಲೈಪ್‌ಜಿಗ್‌ನಿಂದ ಬಸ್ಸಿನಲ್ಲಿ ಲ್ಯೂಟ್ಸನ್. ಚಪ್ಪಟೆ ಹೊಲ, ಗೋಧಿ, ದೂರದಲ್ಲಿ ಗಾಳಿಯಂತ್ರ. 1632ರ ನವೆಂಬರ್ 16ರಂದು ಇಲ್ಲಿ ಮಂಜು ಕವಿದಿತ್ತು.

ಹಿಂದಿನ ವರ್ಷ ಬ್ರೈಟನ್‌ಫೆಲ್ಡ್‌ನಲ್ಲಿ ಪಾಪನ್‌ಹೈಮ್ ಏಳು ಸಲ ಕುದುರೆ ಪಡೆ ನುಗ್ಗಿಸಿ ಏಳೂ ಸಲ ಸ್ವೀಡನ್ನರಿಂದ ಒದೆ ತಿಂದಿದ್ದ. ಈ ಸಲ ಚಳಿಗಾಲ ಬಂತು, ಇನ್ನು ಯುದ್ಧವಿಲ್ಲ ಅಂತ ವಾಲೆನ್‌ಸ್ಟೈನ್ ಅವನನ್ನು ಹಾಲೆ ಕಡೆ ಕಳಿಸಿದ್ದ. ಅದು ತಿಳಿದ ಗುಸ್ಟಾಫ್ ಅಡಾಲ್ಫ್ ಮೇಲೆ ಬಿದ್ದ. ವಾಲೆನ್‌ಸ್ಟೈನ್ ತಕ್ಷಣ ವಾಪಸ್ ಬಾ ಅಂತ ಚೀಟಿ ಕಳಿಸಿದ. ಪಾಪನ್‌ಹೈಮ್ ಕಾಲಾಳುಗಳನ್ನು ಹಿಂದೆ ಬಿಟ್ಟು, ಕುದುರೆಯವರನ್ನು ಕರೆದುಕೊಂಡು ರಾತ್ರಿಯಿಡೀ ಓಡಿಸಿದ. ಮಧ್ಯಾಹ್ನದ ಹೊತ್ತಿಗೆ ಬಂದ. ಬಂದವನೇ ನುಗ್ಗಿದ, ನುಗ್ಗಿದವನೇ ಗುಂಡು ತಿಂದ. ಅದೇ ದಿನ ಅದೇ ಹೊಲದಲ್ಲಿ ಗುಸ್ಟಾಫ್ ಅಡಾಲ್ಫ್ ಕೂಡ ಸತ್ತ. ಇಬ್ಬರೂ 1594ರಲ್ಲಿ ಹುಟ್ಟಿದವರು.

ರಾಜನಿಗೆ ಇಲ್ಲೊಂದು ಕಲ್ಲು, ಅದರ ಮೇಲೆ 1837ರ ಎರಕದ ಕಬ್ಬಿಣದ ಮಂಟಪ, ಪಕ್ಕದಲ್ಲಿ ಒಂದು ಚರ್ಚು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. 2011ರಲ್ಲಿ ಇಲ್ಲಿ ಒಂದು ಸಾಮೂಹಿಕ ಗೋರಿ ಸಿಕ್ಕಿತು. 47 ಜನ. ಬಿಡಿಸದೆ ಮಣ್ಣಿನ ಸಮೇತ ಎತ್ತಿ ಸಂಶೋಧನೆ ಮಾಡಿದರು. ಈಗ ಇಲ್ಲಿನ ಮ್ಯೂಸಿಯಂನಲ್ಲಿ ನೋಡಬಹುದು. ಒಬ್ಬನ ಮೊಣಕೈ ಇನ್ನೊಬ್ಬನ ಎದೆಯ ಮೇಲೆ. ಒಬ್ಬ ಪಕ್ಕಕ್ಕೆ ತಿರುಗಿ, ಕಾಲು ಮಡಚಿ, ರಾತ್ರಿ ಬಸ್ಸಿನ ಸೀಟಿನಲ್ಲಿ ಮಲಗಿದವನ ಹಾಗೆ. ಹಲವರ ತಲೆಬುರುಡೆಯಲ್ಲಿ ಗುಂಡಿನ ತೂತು. ಹೂಳುವ ಮೊದಲು ಬಟ್ಟೆ ಬಿಚ್ಚಿಕೊಂಡಿದ್ದರು, ಬಟ್ಟೆಗೆ ಬೆಲೆ ಇತ್ತಲ್ಲ. ಅಪ್ಪ ಹಲ್ಲುಗಳನ್ನು ನೋಡಿ, "ಇವನಿಗೆ ಇಪ್ಪತ್ತೂ ಆಗಿರಲಿಕ್ಕಿಲ್ಲ" ಅಂದರು. ಆಮೇಲೆ ಟೋಪಿ ತೆಗೆದರು.

ಗಾಯಗೊಂಡ ಪಾಪನ್‌ಹೈಮ್ ಮರುದಿನ ಲೈಪ್‌ಜಿಗ್‌ನಲ್ಲಿ ಸತ್ತ. 38 ವರ್ಷ. ಅವನು ಕೊನೆಯುಸಿರೆಳೆದ ಪ್ಲೈಸನ್‌ಬರ್ಗ್ ಕೋಟೆ ಈಗಿಲ್ಲ, ಆ ಜಾಗದಲ್ಲಿ ಹೊಸ ಪುರಭವನ. ಸಂಜೆ ಅದರ ಮುಂದೆ ಐಸ್‌ಕ್ರೀಮ್ ತಿಂದೆವು. ಬೇರೇನೂ ಮಾಡಲಿಲ್ಲ.

ಆರನೇ ದಿನ: ಪ್ರಾಗ್

ಪ್ರಾಗ್‌ನಲ್ಲಿ 22ನೇ ನಂಬರಿನ ಟ್ರಾಮ್ ಹತ್ತಿದರೆ ನಮ್ಮ ಜನರಲ್‌ನ ಕಥೆಯ ಎರಡು ತುದಿ ಸಿಗುತ್ತವೆ. ಕೊನೇ ಸ್ಟಾಪು ಬೀಲಾ ಹೋರಾ, ಬಿಳಿ ಬೆಟ್ಟ. 1620ರ ನವೆಂಬರ್ 8ರ ಯುದ್ಧದಲ್ಲಿ ಇಲ್ಲಿ ಮೈತುಂಬ ಗಾಯವಾಗಿ, ಸತ್ತ ಅಂತ ಬಿಟ್ಟು ಹೋಗಿದ್ದರು. ಹೆಣಗಳ ನಡುವೆ ರಾತ್ರಿ ಕಳೆದು ಬದುಕಿದ. ಈಗ ಅಲ್ಲಿ ಒಂದು ಹೊಲ, ಒಂದು ಕಲ್ಲುಗುಡ್ಡೆ, ನಾಯಿ ಸುತ್ತಾಡಿಸುವವರು. ಅದೇ ಟ್ರಾಮಿನಲ್ಲಿ ಕೆಲವು ಸ್ಟಾಪ್ ಹಿಂದೆ ಬಂದರೆ ಸ್ಟ್ರಾಹೋಫ್ ಮಠ. ಅವನನ್ನು ಹೂಳಿದ್ದು ಅಲ್ಲಿ.

ಬಸಿಲಿಕಾದ ಒಳಗೆ ಬಿಡಲಿಲ್ಲ. ಬಾಗಿಲ ಸರಳಿನ ಸಂದಿಯಿಂದ ನೋಡಿದೆವು. ಚಿನ್ನದ ಕೆಲಸ, ಬಣ್ಣದ ಚಾವಣಿ. ಇದೇ ಚರ್ಚಿನಲ್ಲಿ ಸಂತ ನಾರ್ಬರ್ಟ್‌ನ ಅಸ್ಥಿಯೂ ಇದೆ. ನಾರ್ಬರ್ಟ್ 1134ರಲ್ಲಿ ತೀರಿಕೊಂಡವನು, ಮ್ಯಾಗ್ಡೆಬರ್ಗ್‌ನ ಆರ್ಚ್‌ಬಿಷಪ್. ಅಲ್ಲೇ ಹೂಳಿದ್ದರು. ಊರು ಲೂಥರ್ ಕಡೆ ಹೋದ ಮೇಲೆ, ನಾಶವಾಗುವ ನಾಲ್ಕೈದು ವರ್ಷ ಮೊದಲು, ಅಸ್ಥಿಯನ್ನು ಇಲ್ಲಿಗೆ ತಂದರು. ಮ್ಯಾಗ್ಡೆಬರ್ಗ್‌ನ ಸಂತ, ಮ್ಯಾಗ್ಡೆಬರ್ಗ್‌ನ ಗೋಡೆ ಹತ್ತಿಸಿದವನು, ಒಂದೇ ಸೂರಿನಡಿ.

"ಇವನ ಮಕ್ಕಳು?" ಅಪ್ಪ ಕೇಳಿದರು.

ಮೊದಲ ಹೆಂಡತಿ ಬೊಹೆಮಿಯಾದ ಕೊಲೋವ್ರಾಟ್ ಮನೆತನದವಳು, ಅವಳಿಂದ ಒಬ್ಬ ಮಗ, ವೋಲ್ಫ್ ಆಡಮ್. ಎರಡನೇ ಹೆಂಡತಿ ಓಟಿಂಗನ್ ಮನೆತನದವಳು. ಮಗ 1647ರಲ್ಲಿ ದ್ವಂದ್ವ ಕಾಳಗದಲ್ಲಿ ಸತ್ತ. ಅಲ್ಲಿಗೆ ಈ ಕವಲು ನಿಂತಿತು. ಉಳಿದ ಕವಲುಗಳು ಬಿಡಾರ ಹಂಚುತ್ತಾ ಮುಂದುವರಿದವು.

ಏಳನೇ ದಿನ: ವಿಯೆನ್ನಾ

ವಿಯೆನ್ನಾದ ಸೈನಿಕ ಇತಿಹಾಸದ ಮ್ಯೂಸಿಯಂನಲ್ಲಿ ಎಲ್ಲರೂ ಗುಂಪು ಕಟ್ಟೋದು ಒಂದೇ ಕಡೆ. 1914ರಲ್ಲಿ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಟ್ಸ್ ಫರ್ಡಿನಾಂಡ್ ಕೊಲೆಯಾದಾಗ ಕೂತಿದ್ದ ಕಾರು, ಅವನ ರಕ್ತದ ಕಲೆಯ ಅಂಗಿ. ನಾವು ನೋಡಲು ಬಂದದ್ದರ ಮುಂದೆ ಯಾರೂ ಇರಲಿಲ್ಲ.

ಒಂದು ಹಾಳೆ. ವಾಲೆನ್‌ಸ್ಟೈನ್ ಲ್ಯೂಟ್ಸನ್‌ನಿಂದ ಕಳಿಸಿದ ಚೀಟಿ. ಪಾಪನ್‌ಹೈಮ್ ಅದನ್ನು ಜೇಬಿನಲ್ಲಿಟ್ಟುಕೊಂಡೇ ಕುದುರೆ ಓಡಿಸಿದ, ಜೇಬಿನಲ್ಲಿಟ್ಟುಕೊಂಡೇ ಗುಂಡು ತಿಂದ. ಮಡಿಕೆಯ ಗೆರೆಗಳು ಇನ್ನೂ ಕಾಣುತ್ತವೆ. ಹಾಳೆಯ ಮೇಲೆ ದೊಡ್ಡ ಕಂದು ಕಲೆ, ಹುಣಸೆ ರಸ ಚೆಲ್ಲಿದ ಹಾಗೆ.

"ಏನು ಬರೆದಿದೆ?" ಅಪ್ಪ ಕನ್ನಡಕ ಮೇಲೆತ್ತಿ ಗಾಜಿಗೆ ಮೂಗು ತಾಗಿಸಿದರು.

ಆ ಕೈಬರಹ ಓದಲು ನನ್ನ ಜರ್ಮನ್ ಸಾಲದು. ಅದರ ಸಾರ ನನಗೆ ಮೊದಲೇ ಗೊತ್ತಿತ್ತು. "ಎಲ್ಲಾ ಇದ್ದದ್ದು ಇದ್ದಲ್ಲೇ ಬಿಟ್ಟು, ಜನ, ತೋಪು ಎಲ್ಲಾ ಕರ್ಕೊಂಡು ಬಾ, ನಾಳೆ ಬೆಳಗ್ಗೆ ನಮ್ಮ ಜೊತೆ ಇರಬೇಕು ಅಂತ."

"ಬಂದ್ನಲ್ಲ."

"ಬಂದ."

ಆಫೀಸಿನ ಆ ಮಾತು ನೆನಪಾಯಿತು. ಅದು ಬಂದದ್ದು ಜರ್ಮನ್ ಕವಿ ಶಿಲ್ಲರ್‌ನ 'ವಾಲೆನ್‌ಸ್ಟೈನ್ಸ್ ಟೋಡ್', ಅಂದರೆ ವಾಲೆನ್‌ಸ್ಟೈನ್‌ನ ಸಾವು, ಎಂಬ ನಾಟಕದಿಂದ. ಸುತ್ತಲಿನವರೆಲ್ಲ ಕೈಬಿಡುತ್ತಿರುವಾಗ, ಪಾಪನ್‌ಹೈಮ್‌ನ ಹಳೇ ಪಡೆಯವರು ನೇರ ವಾಲೆನ್‌ಸ್ಟೈನ್ ಹತ್ತಿರ ಬಂದು ನೀನು ದ್ರೋಹಿಯೋ ಅಲ್ಲವೋ ಅಂತ ಕೇಳುತ್ತಾರೆ. ಆಗ ಅವನು, ಇದರಲ್ಲೇ ನನ್ನ ಪಾಪನ್‌ಹೈಮ್‌ನವರ ಗುರುತು ಸಿಗುತ್ತದೆ ಅನ್ನುತ್ತಾನೆ. ಅಲ್ಲಿ ಅದು ಹೊಗಳಿಕೆ. ಬಳಸಿ ಬಳಸಿ ಈಗ ಶುಕ್ರವಾರ ಮೂರಕ್ಕೇ ಮನೆಗೆ ಓಡುವವರಿಗೆ ಬಂದು ನಿಂತಿದೆ.

ಅಪ್ಪನ ಫೋನ್ ರಿಂಗಾಯಿತು. ತಿಪಟೂರಿನಿಂದ ಅಮ್ಮ. ತೋಟಕ್ಕೆ ಕಾಯಿ ಕೀಳುವವರು ಬಂದಿದ್ದಾರೆ, ಲೆಕ್ಕದ ಪುಸ್ತಕ ಎಲ್ಲಿಟ್ಟಿದ್ದೀರಿ ಅಂತ. ಅಪ್ಪ ಕಾರಿನ ಗುಂಪಿನ ಆಚೆ, ಕಿಟಕಿಯ ಹತ್ತಿರ ಹೋಗಿ, ಬೀರು, ಎರಡನೇ ಅರೆ, ಪಂಚಾಂಗದ ಕೆಳಗೆ ಅಂತ ಮೆಲ್ಲಗೆ ಹೇಳುತ್ತಿದ್ದರು. ನಾನು ಆ ಕಲೆಯ ಫೋಟೋ ತೆಗೆದುಕೊಂಡೆ. ಗಾಜಿನಲ್ಲಿ ನಮ್ಮಿಬ್ಬರ ನೆರಳೂ ಬಂದಿದೆ.